ಕಾರಿಗೆ ಪಾಲಿಶ್ ಹಾಕೋಕೆ ಯಾವ ಬಟ್ಟೆ ಒಳ್ಳೇದು? ಶಿರಾ ಸೀಮೆ ಧೂಳಿಗೆ ತಕ್ಕ ಲೆಕ್ಕ ಇಲ್ಲಿದೆ

ಶಿರಾ: ಹೊಸ ಕಾರು ಮನೆ ಮುಂದೆ ಬಂದು ನಿಂತ ಮೇಲೆ ಹೆಚ್ಚಿನವರು ತಪ್ಪದೆ ಮಾಡೋ ಕೆಲಸ ಒಂದಿದೆ. ಬೆಳಗ್ಗೆ ಎದ್ದು ಹಳದಿ ಬಟ್ಟೆ ಹಿಡಿದು ಬಾನೆಟ್‌ನಿಂದ ಡಿಕ್ಕಿವರೆಗೆ ಕೂತಿರೋ ಧೂಳನ್ನು ಒಣಗಿದಂತೆಯೇ ಒರೆಸೋದು. ಕಾರಿನ ಮೇಲಿನ ಪ್ರೀತಿಗೇ ಹೀಗೆ ಮಾಡ್ತಾರೆ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಓರೆಯಾಗಿ ನೋಡಿದರೆ, ಬಣ್ಣದ ಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳು ಸುತ್ತು ಸುತ್ತಾಗಿ ಕಾಣಿಸುತ್ತವೆ. "ದಿನಾ ಒರೆಸ್ತೀನಿ ಸಾರ್, ಆದ್ರೂ ಶೈನ್ ಇಲ್ಲ" ಅನ್ನೋ ಮಾತು ಆಮೇಲೆ ಶುರುವಾಗುತ್ತೆ. ಶೈನ್ ಹೋಗಿರೋದೇ ಆ ದಿನನಿತ್ಯದ ಒಣ ಒರೆಸುವಿಕೆಯಿಂದ.

ಇದು ಬರೀ ಶೋಕಿ ವಿಷಯ ಅಲ್ಲ. ನಮ್ಮ ಕಡೆ ಕಾರು ಅಂದರೆ ಐದಾರು ವರ್ಷದ ಸಾಲ. ಬಾಡಿಗೆ ಓಡಿಸೋರಿಗಂತೂ ಅದೇ ಬಂಡವಾಳ. ನಾಳೆ ಮಾರೋಕೆ ಹೋದಾಗ ಸೆಕೆಂಡ್ ಹ್ಯಾಂಡ್ ವ್ಯಾಪಾರದವರು ಇಂಜಿನ್ ಶಬ್ದ ಕೇಳೋ ಮೊದಲೇ ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ನೋಡ್ತಾರೆ. ಬಣ್ಣ ಮಂಕಾಗಿದ್ದರೆ ಬೆಲೆ ಇಳಿಸೋಕೆ ಅವರಿಗೆ ಅಷ್ಟು ಸಾಕು. ಹಾಗಾಗಿ ಯಾವ ಬಟ್ಟೆ ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಯಾವುದನ್ನು ಎಲ್ಲಿ ಬಳಸಬೇಕು ಅಂತ ವಿವರವಾಗಿ ಕೊಡುತ್ತಿದ್ದೇವೆ.

ಮೊದಲು ಧೂಳಿನ ವಿಷಯ

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಭಾಗದಲ್ಲಿ ವರ್ಷಕ್ಕೆ ಬೀಳೋ ಮಳೆ 600 ಮಿಲಿಮೀಟರ್ ಆಸುಪಾಸು. ಉಳಿದಂತೆ ವರ್ಷದ ಬಹುಪಾಲು ಒಣ ಗಾಳಿ, ಕೆಂಪು ಮಣ್ಣು. ಈ ಮಣ್ಣು ಬೆಣಚುಕಲ್ಲು, ಗ್ರಾನೈಟ್ ಜಾತಿಯ ಬಂಡೆ ಸವೆದು ಆಗಿರೋದು. ಮುಟ್ಟಿದರೆ ಪೌಡರ್ ತರ ಮೆತ್ತಗಿದೆ ಅನ್ನಿಸಿದರೂ ಅದರೊಳಗೆ ಬೆಣಚಿನ ಸಣ್ಣ ಹರಳುಗಳು ಇರುತ್ತವೆ. ಖನಿಜಗಳ ಗಡಸುತನ ಅಳೆಯೋ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಕಿಟಕಿ ಗಾಜಿಗೆ ಸುಮಾರು 5.5. ಅಂದರೆ ಕಾರಿನ ಮೇಲೆ ಕೂತಿರೋದು ಗಾಜನ್ನೇ ಗೀರಬಲ್ಲ ಪುಡಿ. ಜಲ್ಲಿ ಕ್ರಷರ್ ಹತ್ತಿರದ ರಸ್ತೆಯಲ್ಲಿ ಓಡಾಡುವವರ ಕಾರಿಗೆ ಇದು ಇನ್ನೂ ಜಾಸ್ತಿ.

ಈ ಪುಡಿಯ ಎದುರಿಗೆ ಇರೋದು ಏನು? ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಹೊಳಪು ಬರೋದು ಅದರಿಂದ. ಅದರ ದಪ್ಪ ಸಾಮಾನ್ಯವಾಗಿ 40 ಮೈಕ್ರಾನ್ ಆಸುಪಾಸು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಂಡರೆ, ನಿಮ್ಮ ಕಾರಿನ ಹೊಳಪೆಲ್ಲ ಒಂದು ಕೂದಲಿಗಿಂತ ತೆಳುವಾದ ಪದರದಲ್ಲಿ ನಿಂತಿದೆ. ಗೆರೆ ತೆಗೆಸೋಕೆ ಕಾಂಪೌಂಡ್ ಹೊಡೆಸಿದರೆ ಆ ಪದರವೇ ಪ್ರತಿ ಸಲ ಒಂದಷ್ಟು ಸವೆಯುತ್ತೆ. "ವರ್ಷಕ್ಕೊಂದು ಸಲ ರಬ್ಬಿಂಗ್ ಮಾಡಿಸಿಬಿಡಿ" ಅನ್ನೋ ಸಲಹೆಯನ್ನು ನಂಬಬೇಡಿ. ಕೆಲವು ಸಲ ಆದ ಮೇಲೆ ಸವೆಸೋಕೆ ಪದರವೇ ಉಳಿಯಲ್ಲ.

ಅದಕ್ಕೇ ಎಷ್ಟು ದುಬಾರಿ ಬಟ್ಟೆ ತಂದರೂ ಒಣ ಧೂಳಿನ ಮೇಲೆ ಉಜ್ಜಿದರೆ ಅದು ಸ್ಯಾಂಡ್‌ಪೇಪರ್ ಕೆಲಸವನ್ನೇ ಮಾಡುತ್ತೆ. ಧೂಳು ಇಳಿಸೋ ಬಟ್ಟೆ ಬೇರೆ, ಪಾಲಿಶ್ ಬಟ್ಟೆ ಬೇರೆ. ಇವೆರಡು ಒಂದೇ ಡಬ್ಬಿಯಲ್ಲೂ ಇರಬಾರದು.

ಧೂಳು ಇಳಿಸೋದು ಹೇಗೆ, ನೀರೆಲ್ಲಿದೆ?

ಇಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಇದೇ. ಪೈಪ್ ಬಿಟ್ಟರೆ ನಿಮಿಷಕ್ಕೆ 10-15 ಲೀಟರ್ ಸಲೀಸಾಗಿ ಹೋಗುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸೋ ಮನೆಯವರು ಕಾರಿಗೆ ಅಷ್ಟು ನೀರು ಸುರಿಯೋದು ಸರಿಯೂ ಅಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರಲ್ಲಿ ವಾಹನ ತೊಳೆಯೋದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿದ್ದು ನೆನಪಿರಬಹುದು.

ಎರಡು ಬಕೆಟ್ ನೀರು ಸಾಕು. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೊದಲು ಚೊಂಬಿನಲ್ಲಿ ಮೇಲಿಂದ ನೀರು ಹಾಕುತ್ತಾ ಸಡಿಲ ಧೂಳು ಇಳಿಸಿ. ಆಮೇಲೆ ಶಾವಿಗೆ ಎಳೆ ಜೋತುಬಿದ್ದಂತೆ ಕಾಣೋ ಮೈಕ್ರೋಫೈಬರ್ ಗ್ಲೌಸ್ ಸಿಗುತ್ತಲ್ಲ, ಅದನ್ನು ಶಾಂಪೂ ನೀರಲ್ಲಿ ಅದ್ದಿ ಮೇಲಿಂದ ಕೆಳಕ್ಕೆ ನೇರವಾಗಿ ಒರೆಸಿ. ಪ್ರತಿ ಪ್ಯಾನಲ್ ಆದ ಮೇಲೆ ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂಗೆ. ಆ ಎಳೆಗಳ ಸಂದಿನಲ್ಲಿ ಮರಳು ಒಳಗೆ ಸೇರಿಕೊಳ್ಳುತ್ತೆ, ಬಣ್ಣಕ್ಕೆ ಉಜ್ಜಲ್ಲ. ಚಪ್ಪಟೆ ಸ್ಪಂಜಿಗೆ ಆ ಗುಣ ಇಲ್ಲ. ಮರಳು ಅದರ ಮೈಮೇಲೇ ಕೂತು ಕಾರಿನುದ್ದಕ್ಕೂ ಗೆರೆ ಎಳೆಯುತ್ತೆ. ಚಕ್ರ, ಕೆಳಗಿನ ಫುಟ್‌ಬೋರ್ಡ್ ಭಾಗ ಕೊನೆಗೆ, ಅದೂ ಬೇರೆ ಬಟ್ಟೆಯಲ್ಲಿ.

ಎರಡು ಬಕೆಟ್ಟೂ ಕಷ್ಟ ಅನ್ನೋರಿಗೆ ರಿನ್ಸ್‌ಲೆಸ್ ವಾಶ್ ಅನ್ನೋ ದ್ರಾವಣ ಬರುತ್ತೆ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ, ಅದರಲ್ಲಿ ಆರೆಂಟು ಮೈಕ್ರೋಫೈಬರ್ ಬಟ್ಟೆ ನೆನೆಸಿ, ಒಂದೊಂದು ಪ್ಯಾನಲ್‌ಗೆ ಒಂದೊಂದು ಬಟ್ಟೆಯಂತೆ ಬಳಸಿ ಪಕ್ಕಕ್ಕಿಡೋದು. ಬಳಸಿದ ಬಟ್ಟೆಯನ್ನು ಮತ್ತೆ ಬಕೆಟ್‌ಗೆ ಅದ್ದಬಾರದು. ಕೆಸರು ಗಟ್ಟಿಯಾಗಿ ಅಂಟಿದ್ದರೆ ಈ ವಿಧಾನ ಬೇಡ, ವಾಟರ್ ಸರ್ವಿಸ್‌ನವರ ಹತ್ತಿರ ಪ್ರೆಶರ್ ಹೊಡೆಸಿಕೊಂಡು ಬನ್ನಿ. ಆದರೆ ಅವರ ಬಟ್ಟೆಯಲ್ಲಿ ಒರೆಸೋಕೆ ಬಿಡಬೇಡಿ. ಬೆಳಗ್ಗಿಂದ ಹತ್ತು ಗಾಡಿ ಒರೆಸಿದ ಬಟ್ಟೆ ಅದು. ನಿಮ್ಮ ಬಟ್ಟೆ ನೀವೇ ಕೊಡಿ, ಬೇಜಾರಾದರೂ ಪರವಾಗಿಲ್ಲ.

ಇನ್ನೊಂದು ಮಾತು. ಊರೂರಲ್ಲಿರೋ ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಗೆ ಬಿಡೋ ವೇಸ್ಟ್ ನೀರನ್ನು ಗಾಡಿ ತೊಳೆಯೋಕೆ ಹಿಡಿದುಕೊಂಡು ಹೋಗುವವರಿದ್ದಾರೆ. ನೀರು ಉಳಿಸಬೇಕು ಅನ್ನೋ ಉದ್ದೇಶ ಒಳ್ಳೆಯದೇ. ಆದರೆ ಆರ್‌ಒ ಯಂತ್ರ ಬೋರ್ ನೀರಿನ ಉಪ್ಪನ್ನೆಲ್ಲ ಆ ನೀರಿಗೇ ತಳ್ಳಿರುತ್ತೆ, ಮೊದಲೇ ಗಡಸಾದ ನೀರು ಇನ್ನಷ್ಟು ಗಡಸಾಗಿರುತ್ತೆ. ಕಾರಿನ ಮೇಲೆ ಅದು ಒಣಗಿದರೆ ಬಿಳಿ ಚುಕ್ಕೆ ಬಿಟ್ಟು ಹೋಗುತ್ತೆ. ಟ್ರ್ಯಾಕ್ಟರ್ ಟ್ರಾಲಿ, ಚಕ್ರ ತೊಳೆಯೋಕೆ ಇಟ್ಟುಕೊಳ್ಳಿ. ಬಾಡಿಗೆ ಬೋರ್ ನೀರೇ ಬಳಸಿ, ಆದರೆ ನೆರಳಲ್ಲಿ ತೊಳೆದು, ಒಣಗೋ ಮೊದಲೇ ಬಟ್ಟೆಯಲ್ಲಿ ನೀರು ಹೀರಿಸಿ.

ಯಾವ್ಯಾವ ಬಟ್ಟೆ ಎಷ್ಟರ ಮಟ್ಟಿಗೆ?

ಬನಿಯನ್ ವೇಸ್ಟ್: ಗ್ಯಾರೇಜ್‌ಗಳಲ್ಲಿ ಕೆಜಿ ಲೆಕ್ಕದಲ್ಲಿ ಸಿಗೋದು. ಬನಿಯನ್, ಟೀ ಶರ್ಟ್ ಕಾರ್ಖಾನೆಗಳ ತುಂಡು. ಹತ್ತಿ, ಮೆತ್ತಗಿದೆ ನಿಜ. ಆದರೆ ಒಂದು ಕೆಜಿ ಕಟ್ಟು ಬಿಚ್ಚಿ ನೋಡಿ: ಹೊಲಿಗೆ ಅಂಚು, ನೈಲಾನ್ ದಾರ, ಎಲಾಸ್ಟಿಕ್, ಟೀ ಶರ್ಟಿನ ಪ್ರಿಂಟು ಎಲ್ಲ ಇರುತ್ತೆ. ಇಂಜಿನ್ ಭಾಗ, ಬಾಗಿಲಿನ ಹಿಂಜ್, ಟಯರ್‌ಗೆ ಬ್ಲ್ಯಾಕ್ ಹಚ್ಚೋಕೆ ಇದಕ್ಕಿಂತ ಅಗ್ಗದ್ದು ಇಲ್ಲ. ಬಣ್ಣದ ಮೇಲೆ ಬೇಡ.

ಹಳದಿ ಬಟ್ಟೆ: ಸಿಗ್ನಲ್‌ನಲ್ಲಿ, ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯಲ್ಲಿ ಸಿಗೋ ಡಸ್ಟರ್. ಒದ್ದೆಯಾದರೆ ಬಣ್ಣ ಬಿಡುತ್ತೆ, ಅಂಚಿನ ಹೊಲಿಗೆ ಗಡುಸು. ಡ್ಯಾಶ್‌ಬೋರ್ಡ್, ಸೀಟು ಒರೆಸೋಕೆ ಸಾಕು.

ಹಳೇ ಪಂಚೆ: ಇದನ್ನು ಹೀಗಳೆಯೋಕೆ ಆಗಲ್ಲ. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆ ಗಾಜಿಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ, ನೂಲು ಉದುರಲ್ಲ. ಮೈಕ್ರೋಫೈಬರ್ ಬರೋ ಮುಂಚೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೆಲ್ಲ ವ್ಯಾಕ್ಸ್ ಹಾಕಿ ಒರೆಸಿದ್ದು ಇಂಥ ಹತ್ತಿ ಬಟ್ಟೆಯಲ್ಲೇ. ಈಗಲೂ ಕೈಗೆ ಬೇರೆ ಸಿಗದಿದ್ದರೆ ಶುದ್ಧ ಪಂಚೆ ತುಂಡಿನಲ್ಲಿ ವ್ಯಾಕ್ಸ್ ಒರೆಸಬಹುದು. ಆದರೆ ಅಂಚು ಕತ್ತರಿಸಿ ತೆಗೆಯಲೇಬೇಕು. ಜರಿ ಅಂಚಾಗಿದ್ದರೆ ಅದು ಲೋಹದ ಎಳೆ, ಒಂದೇ ಸಲಕ್ಕೆ ಗೀರು ಬೀಳುತ್ತೆ.

ಶಾಮಿ ಲೆದರ್: ಉದ್ದನೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆಯಾಗಿ ಸಿಗೋದು ಈಗ ಹೆಚ್ಚಾಗಿ ಸಿಂಥೆಟಿಕ್. ನಿಜವಾದದ್ದು ಕುರಿ ಚರ್ಮವನ್ನು ಮೀನೆಣ್ಣೆಯಲ್ಲಿ ಹದ ಮಾಡಿದ್ದು. ನೀರು ಹೀರೋದರಲ್ಲಿ ಒಳ್ಳೇದು. ಆದರೆ ಮೈ ನುಣುಪು, ಧೂಳು ಸೇರಿಕೊಳ್ಳೋಕೆ ಜಾಗ ಇಲ್ಲ. ಒಂದು ಹರಳು ಉಳಿದಿದ್ದರೂ ಅದನ್ನು ಎಳೆದುಕೊಂಡೇ ಹೋಗುತ್ತೆ. ಗಾಜಿಗೆ ಇಟ್ಟುಕೊಳ್ಳಿ.

ಉಣ್ಣೆ: ಕುರಿ ಸಾಕಣೆ ಇರೋ ನಮ್ಮ ಸೀಮೆಯಲ್ಲಿ ಹಳೇ ಕಂಬಳಿ ತುಂಡಿನಿಂದ ಒರೆಸಬಹುದಾ ಅಂತ ಕೇಳೋರಿದ್ದಾರೆ. ಬೇಡ. ಕಂಬಳಿಯ ಉಣ್ಣೆ ಒರಟು. ಮೆಷಿನ್ ಪಾಲಿಶ್‌ನಲ್ಲಿ ಬಳಸೋ ಉಣ್ಣೆ ಪ್ಯಾಡ್ ಬೇರೆಯದೇ ಜಾತಿ. ಅದೂ ಆಳವಾದ ಗೆರೆ ಕತ್ತರಿಸೋಕೆ ಇರೋದು, ಹೊಳಪಿಗಲ್ಲ.

ಇನ್ನು ಮೈಕ್ರೋಫೈಬರ್. ಪಾಲಿಶ್ ಕೆಲಸಕ್ಕೆ ಕೊನೆಗೆ ಎಲ್ಲರೂ ಬಂದು ನಿಲ್ಲೋದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೈಕ್ರೋಫೈಬರ್ ಕೊಳ್ಳುವಾಗ ತಕ್ಕಡಿ ಕೇಳಿ

9,000 ಮೀಟರ್ ಎಳೆ ಒಂದು ಗ್ರಾಂಗಿಂತ ಕಡಿಮೆ ತೂಗಿದರೆ ಅದನ್ನು ಮೈಕ್ರೋಫೈಬರ್ ಅಂತಾರೆ. ರೇಷ್ಮೆ ಎಳೆಗಿಂತಲೂ ಸಣ್ಣದು. ಪಾಲಿಯೆಸ್ಟರ್ ಜೊತೆ ಪಾಲಿಅಮೈಡ್, ಅಂದರೆ ನೈಲಾನ್ ಜಾತಿಯ ಎಳೆ ಸೇರಿಸಿ ನೂತು, ಆಮೇಲೆ ಪ್ರತಿ ಎಳೆಯನ್ನು ಸೀಳುತ್ತಾರೆ. ಆ ಸೀಳಿದ ಸಂದುಗಳೇ ನೀರು, ಧೂಳು, ವ್ಯಾಕ್ಸ್ ಹಿಡಿದುಕೊಳ್ಳೋದು. ಲೇಬಲ್ ಮೇಲೆ 80/20 ಅಥವಾ 70/30 ಅಂತ ಬರೆದಿರುತ್ತೆ. ಎರಡನೇ ಸಂಖ್ಯೆ ಪಾಲಿಅಮೈಡ್ ಪಾಲು. ಅದು ಹೆಚ್ಚಿದ್ದಷ್ಟೂ ಬಟ್ಟೆ ಮೆತ್ತಗೆ, ಬೆಲೆ ಜಾಸ್ತಿ. 100% ಪಾಲಿಯೆಸ್ಟರ್ ಅಂತಿದ್ದರೆ ಅದನ್ನು ಮನೆ ಟೇಬಲ್ ಒರೆಸೋಕೆ ಇಟ್ಟುಕೊಳ್ಳಿ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಕವರ್ ಮೇಲೆ 800 ಅಂತ ಅಚ್ಚು ಹಾಕಿರೋದೆಲ್ಲ 800 ಇರಲ್ಲ. ಇದನ್ನು ಕಂಡುಹಿಡಿಯೋದು ಸುಲಭ. ಪಕ್ಕದ ದಿನಸಿ ಅಂಗಡಿ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. 40 ಸೆಂ.ಮೀ. ಚೌಕದ ಬಟ್ಟೆ ಅಂದರೆ 0.16 ಚದರ ಮೀಟರ್. 350 ಜಿಎಸ್‌ಎಂ ಆಗಿದ್ದರೆ 56 ಗ್ರಾಂ ತೂಗಬೇಕು, 500 ಆಗಿದ್ದರೆ 80 ಗ್ರಾಂ. ಒಣಗಿಸೋಕೆ ಬಳಸೋ 40-60 ಅಳತೆಯ ಬಟ್ಟೆಗೆ 800 ಅಂತ ಹೇಳಿದ್ದರೆ 192 ಗ್ರಾಂ ಬರಬೇಕು. ನಾಲ್ಕೈದು ಗ್ರಾಂ ಹೆಚ್ಚುಕಮ್ಮಿ ಪರವಾಗಿಲ್ಲ. ಅರ್ಧಕ್ಕರ್ಧ ಕಡಿಮೆ ಬಂದರೆ ಅಂಗಡಿಯವರನ್ನು ಕೇಳಿ, ಆನ್‌ಲೈನ್ ಆದರೆ ವಾಪಸ್ ಕಳಿಸಿ.

ಎಳೆ ಸೀಳಿದೆಯೋ ಇಲ್ಲವೋ ನೋಡೋಕೆ ಟೇಬಲ್ ಮೇಲೆ ಒಂದು ಚಮಚ ನೀರು ಚೆಲ್ಲಿ, ಬಟ್ಟೆಯಿಂದ ಒತ್ತದೆ ಎಳೆಯಿರಿ. ಒಳ್ಳೇದು ಹೀರಿಕೊಳ್ಳುತ್ತೆ, ಕಳಪೆಯದು ನೀರನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತೆ. ಹೊಲದಲ್ಲಿ ಕೆಲಸ ಮಾಡಿ ಒಡೆದ ಬೆರಳಿರೋರಿಗೆ ಇದೂ ಬೇಡ, ಮುಟ್ಟಿದ ತಕ್ಷಣ ಬೆರಳಿಗೆ ಕಚ್ಚಿಕೊಂಡರೆ ಸೀಳಿದ ಎಳೆ. ಬಣ್ಣಕ್ಕೆ ಗೀರು ಬೀಳುತ್ತಾ ಅನ್ನೋ ಅನುಮಾನ ಇದ್ದರೆ ಮನೆಯ ಮೂಲೆಯಲ್ಲಿರೋ ಹಳೇ ಸಿಡಿ ಹುಡುಕಿ. ಹೊಳೆಯೋ ಬದಿಗೆ ಬಟ್ಟೆಯನ್ನೂ ಅದರ ಅಂಚನ್ನೂ ಲೇಬಲ್ಲನ್ನೂ ಹತ್ತು ಸಲ ಉಜ್ಜಿ ಬಲ್ಬಿನ ಕೆಳಗೆ ನೋಡಿ. ಎಷ್ಟೋ ಸಲ ಬಟ್ಟೆ ಸುರಕ್ಷಿತವಾಗಿದ್ದು ಲೇಬಲ್ ಮಾತ್ರ ಗೀರಿರುತ್ತೆ. ಕತ್ತರಿಸಿ ಬಿಸಾಕಿ. ಅಂಚಿಗೆ ಹೊಲಿಗೆಯೇ ಇಲ್ಲದ ಬಟ್ಟೆಗಳೂ ಬರುತ್ತವೆ, ಪಾಲಿಶ್‌ಗೆ ಅವನ್ನೇ ಆರಿಸಿ.

ಪಾಲಿಶ್ ದಿನ ಎಷ್ಟು ಬಟ್ಟೆ ಬೇಕು?

ನಮ್ಮಲ್ಲಿ ಎಲ್ಲದಕ್ಕೂ 'ಪಾಲಿಶ್' ಅಂತಲೇ ಹೇಳ್ತೀವಿ, ಆದರೆ ಡಬ್ಬಿಗಳು ಬೇರೆ ಬೇರೆ. ಕಾಂಪೌಂಡ್ ಆಳವಾದ ಗೆರೆಯನ್ನು ಕತ್ತರಿಸೋದು, ಪಾಲಿಶ್ ಅಂದರೆ ಅದಕ್ಕಿಂತ ನುಣುಪಾದ ಪುಡಿ ಇರೋದು. ವ್ಯಾಕ್ಸ್ ಅಥವಾ ಸೀಲಂಟ್ ಏನನ್ನೂ ಸವೆಸಲ್ಲ, ಮೇಲೆ ಹೊದಿಕೆಯಾಗಿ ಕೂರುತ್ತೆ. ಮನೆಯಲ್ಲಿ ಕೈಯಿಂದ ಮಾಡೋರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್ ಸಾಕು.

ಹಚ್ಚೋಕೆ ಬಟ್ಟೆ ಬಳಸಬೇಡಿ, ಡಬ್ಬಿ ಜೊತೆ ಬರೋ ದುಂಡನೆ ಫೋಮ್ ಪ್ಯಾಡ್ ಒಳ್ಳೇದು. ಬಟ್ಟೆಗೆ ಸುರಿದರೆ ಅರ್ಧ ವ್ಯಾಕ್ಸ್ ಬಟ್ಟೆಯೇ ಕುಡಿಯುತ್ತೆ. ಒರೆಸಿ ತೆಗೆಯೋಕೆ 300-350 ಜಿಎಸ್‌ಎಂನ ಗಿಡ್ಡ ಎಳೆಯ ಬಟ್ಟೆ. ದಪ್ಪ ಬಟ್ಟೆ ಇಲ್ಲಿ ಜಾರುತ್ತೆ, ಒಣಗಿದ ವ್ಯಾಕ್ಸನ್ನು ಹಿಡಿಯಲ್ಲ. ಕೊನೆಯ ಕೈ ಹಾಕೋಕೆ 450-500ರ ದಪ್ಪ ಮೆತ್ತನೆ ಬಟ್ಟೆ. ಸ್ವಿಫ್ಟ್, ಐ20 ಅಳತೆಯ ಕಾರಿಗೆ ಮೊದಲನೆಯದು ನಾಲ್ಕು, ಎರಡನೆಯದು ಎರಡು, ನೀರು ಹೀರೋ ದೊಡ್ಡದು ಒಂದು, ಗಾಜಿಗೆ ಒಂದು. ಇನೋವಾ, ಬೊಲೆರೊ ಆದರೆ ಇನ್ನೆರಡು ಸೇರಿಸಿ. ಎಂಟು ಬಟ್ಟೆ ಜಾಸ್ತಿ ಅನ್ನಿಸಬಹುದು, ಆದರೆ ಚೆನ್ನಾಗಿ ನೋಡಿಕೊಂಡರೆ ಹಲವು ವರ್ಷ ಬರುತ್ತವೆ. ಒಂದು ಸಲದ ರಬ್ಬಿಂಗ್ ಖರ್ಚಿಗಿಂತ ಕಡಿಮೆಯೇ ಆಗುತ್ತೆ.

ಬಟ್ಟೆಯನ್ನು ಮುದ್ದೆ ಮಾಡಿ ಹಿಡಿಯಬೇಡಿ. ಎರಡು ಸಲ ಮಡಚಿದರೆ ನಾಲ್ಕು ಪದರ ಆಗುತ್ತೆ, ತಿರುವಿ ತಿರುವಿ ಬಳಸಿದರೆ ಎಂಟು ಶುದ್ಧ ಮುಖ ಸಿಗುತ್ತೆ. ಒಂದು ಬಾಗಿಲಿಗೆ ಒಂದು ಮುಖ. ಕೈ ಭಾರ ಸಾಕು, ಒತ್ತಬೇಡಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಇದ್ದರೆ ಇನ್ನೂ ಕಾಯಿರಿ. ಏಪ್ರಿಲ್-ಮೇನಲ್ಲಿ ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಆರರ ಮೇಲೆ ಮಾತ್ರ. ಗಾಳಿ ಏಳೋ ದಿನ, ಪಕ್ಕದ ಕಣದಲ್ಲಿ ಕಡಲೆಕಾಯಿ ಬಿಡಿಸೋ ಮೆಷಿನ್ ಓಡೋ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ.

ಬಟ್ಟೆ ಕೆಳಗೆ ಬಿತ್ತು ಅಂದರೆ ಮುಗೀತು. ಕೊಡವಿದರೆ ಹೋಗುತ್ತೆ ಅನ್ನಿಸುತ್ತೆ, ಹೋಗಲ್ಲ. ಆ ಬಟ್ಟೆ ಅವತ್ತಿಗೆ ಪಕ್ಕಕ್ಕೆ.

ಆಯುಧಪೂಜೆ ಮತ್ತು ಹಕ್ಕಿ ಹಿಕ್ಕೆ

ಆಯುಧಪೂಜೆ ದಿನ ಬಾನೆಟ್ ಮೇಲೆ ವಿಭೂತಿ ಪಟ್ಟೆ, ಅರಿಶಿನ, ಕುಂಕುಮ ಇಡದೆ ಪೂಜೆ ಆಗಲ್ಲ, ಇಡಲೇಬೇಕು. ಆದರೆ ವಾರಗಟ್ಟಲೆ ಬಿಡಬೇಡಿ. ಬಿಳಿ ಕಾರಿಗೆ ಕುಂಕುಮದ ಬಣ್ಣ ಇಳಿದರೆ ತೆಗೆಯೋದು ಕಷ್ಟ. ಅರಿಶಿನ ಮಾತ್ರ ಬಿಸಿಲಿಗೆ ತಾನೇ ಮಸುಕಾಗುತ್ತೆ. ಮಾರನೇ ದಿನ ಒದ್ದೆ ಬಟ್ಟೆ ಐದು ನಿಮಿಷ ಮೇಲಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಒಣಗಿದ ವಿಭೂತಿಯನ್ನು ಉಜ್ಜೋದೂ ಒಂದೇ, ಪುಡಿ ಹಾಕಿ ತಿಕ್ಕೋದೂ ಒಂದೇ. ಇದಕ್ಕೆ ಬಳಸಿದ ಬಟ್ಟೆ ಮತ್ತೆ ಪಾಲಿಶ್‌ಗೆ ಬರಬಾರದು. ಬಂಪರ್‌ಗೆ ಬಾಳೆಕಂದು ಕಟ್ಟುವಾಗ ತಂತಿ ಬದಲು ನಾರು ಅಥವಾ ದಾರ ಬಳಸಿ.

ಕಗ್ಗಲಡುವಿಗೆ ಬಣ್ಣದ ಕೊಕ್ಕರೆ ನೋಡೋಕೆ ಹೋಗುವವರು ಹುಣಸೆಮರದ ನೆರಳು ಚೆನ್ನಾಗಿದೆ ಅಂತ ಅಲ್ಲೇ ಕಾರು ನಿಲ್ಲಿಸ್ತಾರೆ. ಮರದ ಮೇಲೆ ಗೂಡುಗಳು, ಅದರಲ್ಲಿ ಮೀನು ತಿನ್ನೋ ಹಕ್ಕಿಗಳು. ಬಿಸಿಲಲ್ಲಿ ಹಿಕ್ಕೆ ಒಣಗಿದರೆ ಕ್ಲಿಯರ್ ಕೋಟ್ ಮೇಲೆ ಅಚ್ಚು ಬಿಡುತ್ತೆ. ದೂರದಲ್ಲಿ ನಿಲ್ಲಿಸಿ, ಹಕ್ಕಿಗಳಿಗೂ ಅದೇ ಒಳ್ಳೇದು. ಬಿದ್ದೇ ಬಿಟ್ಟರೆ ಬಾಟಲ್ ನೀರು ಸುರಿದು ನೆನೆಸಿ, ಬಟ್ಟೆಯಿಂದ ಚಿವುಟಿ ಎತ್ತಿ. ಡಿಕ್ಕಿಯಲ್ಲಿ ಒಂದು ಹಳೇ ಮೈಕ್ರೋಫೈಬರ್ ಇದಕ್ಕಂತಲೇ ಇರಲಿ.

ಹೈವೇ ಕೆಲಸ ನಡೆಯೋ ಕಡೆ ಹೋಗಿ ಬಂದಾಗ ಅಂಟೋ ಡಾಂಬರು ಚುಕ್ಕೆಗೆ ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಬಟ್ಟೆ ಕೆಲಸ ಮಾಡುತ್ತೆ. ಸ್ವಲ್ಪ ಹೊತ್ತು ಇಟ್ಟು ಮೆತ್ತಗಾದ ಮೇಲೆ ಒರೆಸಿ, ಶಾಂಪೂ ಹಾಕಿ ತೊಳೆಯಿರಿ. ಎಣ್ಣೆ ಹಾಗೇ ಬಿಟ್ಟರೆ ಊರ ಧೂಳೆಲ್ಲ ಅಲ್ಲೇ ಕೂರುತ್ತೆ.

ಒಗೆಯೋದರಲ್ಲೇ ಹಾಳಾಗೋದು ಹೆಚ್ಚು

ಒಳ್ಳೇ ಬಟ್ಟೆ ತಂದವರೂ ಸೋಲೋದು ಇಲ್ಲಿ. ಮೈಕ್ರೋಫೈಬರನ್ನು ಒಗೆಯೋ ಕಲ್ಲಿನ ಮೇಲೆ ಹಾಕಬೇಡಿ, ಕಲ್ಲಿನ ಪುಡಿ ಎಳೆಯೊಳಗೆ ಸೇರುತ್ತೆ. ಸೋಪಿನ ಬಿಲ್ಲೆಯೂ ಬೇಡ. ನಮ್ಮ ಗಡಸು ನೀರಲ್ಲಿ ಬಿಲ್ಲೆ ಸೋಪು ನೊರೆ ಬರೋ ಬದಲು ಜಿಗುಟಾಗಿ ಗಸಿ ಕಟ್ಟಿ, ಸೀಳಿದ ಸಂದುಗಳನ್ನೇ ಮುಚ್ಚಿಬಿಡುತ್ತೆ. ಲಿಕ್ವಿಡ್ ಡಿಟರ್ಜೆಂಟ್ ಸ್ವಲ್ಪ, ಉಗುರುಬೆಚ್ಚಗಿನ ನೀರು, ಬಕೆಟ್‌ನಲ್ಲಿ ಅರ್ಧ ಗಂಟೆ. ಮನೆ ಬಟ್ಟೆ ಜೊತೆ ಮೆಷಿನ್‌ಗೆ ಹಾಕಿದರೆ ಟವಲ್‌ನ ನೂಲೆಲ್ಲ ಇದಕ್ಕೆ ಅಂಟಿಕೊಂಡು ಮುಂದಿನ ಸಲ ಕಾರಿನ ಮೇಲೆ ಉದುರುತ್ತೆ. ಘಮಘಮ ಅನ್ನೋ ಫ್ಯಾಬ್ರಿಕ್ ಕಂಡಿಷನರ್, ಬ್ಲೀಚಿಂಗ್ ಪೌಡರ್, ಇಸ್ತ್ರಿ ಮೂರೂ ಬೇಡ. ಕಂಡಿಷನರ್ ಎಳೆಗೆ ಜಿಡ್ಡು ಹಿಡಿಸುತ್ತೆ, ಇಸ್ತ್ರಿ ಎಳೆಯನ್ನೇ ಕರಗಿಸುತ್ತೆ.

ಒಣಗಿಸೋಕೆ ನೆರಳಲ್ಲಿ ಹಗ್ಗ ಕಟ್ಟಿ. ಬೇಲಿ ಮೇಲೆ ಹರವಿದರೆ ಜಾಲಿ ಮುಳ್ಳಿನ ತುದಿ ಮುರಿದು ಒಳಗೇ ಉಳಿಯುತ್ತೆ, ಕಣ್ಣಿಗೆ ಕಾಣಲ್ಲ. ಒಣಗಿದ ಮೇಲೆ ಒಮ್ಮೆ ಕೈಯಾಡಿಸಿ ನೋಡಿ ಜಿಪ್ ಕವರ್‌ಗೆ ಹಾಕಿ, ಮೇಲೆ ಮಾರ್ಕರ್‌ನಲ್ಲಿ 'ವ್ಯಾಕ್ಸ್', 'ಗಾಜು', 'ಚಕ್ರ' ಅಂತ ಬರೆದಿಡಿ. ಬಣ್ಣದ ಲೆಕ್ಕ ಇಟ್ಟುಕೊಂಡರೂ ಆಯ್ತು: ನೀಲಿ ಬಾಡಿಗೆ, ಹಸಿರು ಗಾಜಿಗೆ, ಕಪ್ಪು ಚಕ್ರಕ್ಕೆ. ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿರಿ, ಇಲ್ಲದಿದ್ದರೆ ಐನೂರು ಜಿಎಸ್‌ಎಂ ಬಟ್ಟೆ ಗ್ಯಾಸ್ ಸ್ಟವ್ ಒರೆಸೋಕೆ ಹೋಗಿರುತ್ತೆ.

ಬಟ್ಟೆ ಒರಟಾಯ್ತು, ನೀರು ಹೀರ್ತಿಲ್ಲ ಅನ್ನಿಸಿದರೆ ಬಿಸಾಕಬೇಕಿಲ್ಲ. ಬಾಡಿಯಿಂದ ಬಾಗಿಲ ಸಂದಿಗೆ, ಅಲ್ಲಿಂದ ಚಕ್ರಕ್ಕೆ, ಕೊನೆಗೆ ಇಂಜಿನ್‌ಗೆ ಇಳಿಸಿ. ಇಳಿದ ಬಟ್ಟೆಯ ಒಂದು ಮೂಲೆ ಕತ್ತರಿಸಿ ಗುರುತು ಮಾಡಿ, ಮೂಲೆ ಇಲ್ಲದ್ದು ಮತ್ತೆ ಬಾನೆಟ್ ಮೇಲೆ ಬರದಂತೆ ನೋಡಿಕೊಳ್ಳಿ.